ಬೆರಳ ನಿಚ್ಚಣಿಕಿ

ಆ ದಿನ ಬೆಳಿಗ್ಗೆ ನಳಕ್ಕೆ ನೀರು ಬಂದವು.

ಹಿಂದಿನ ಸಂಜೆಯ ಬಸ್ಸಿಗೆ ಕೊನೆಯ ನೆಂಟರು ಗಂಡನ ಊರಾದ ಮುಗದಕ್ಕೆ ಹೋಗಿದ್ದರು. ಗಣಾರಾಧನೆ ಮುಗಿದಿತ್ತು. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ ಶಿವಲಿಂಗವ್ವ. ನಮ್ಮ ಓಣಿಗೆ ನೀರು ಬರುವುದು ವಾರಕ್ಕೊಮ್ಮೆ. ಯಾರ ಮನೆಯಲ್ಲಿ ಯಾರು ಸತ್ತಿದ್ದಾರೆ ಎಂದು ನೋಡಿ ಅದು ಬರುವುದಿಲ್ಲ. ಹೊರಗೆ ಕೊಡ, ಬಕೆಟ್ಟು ಎಳೆದಾಡುವ ಸದ್ದು ಕೇಳಿ ನಾನೂ ಎದ್ದೆ. ನನ್ನ ಗಂಡ ಕಲ್ಲೇಶ ಹೋದ ಮೇಲೆ ಯಾರೂ ಎಬ್ಬಿಸದೆ ಎದ್ದ ಮೊದಲ ಬೆಳಗು ಅದು.

ನೀರು ತುಂಬುವುದು ಅವನ ಕೆಲಸವಾಗಿತ್ತು. ನನ್ನ ಬಲಗೈ ಎದೆಗಿಂತ ಮೇಲೆ ಏಳುತ್ತಿರಲಿಲ್ಲ. ಬೇಸಿಗೆಯಲ್ಲಿ ಸಿಟಿ ಬಸ್ಸಿನಿಂದ ಇಳಿಯುವಾಗ ಬಿದ್ದು ತೋಳಿನ ಎಲುಬು ಮುರಿದಿತ್ತು. ಎಲುಬು ಕೂಡಿತು, ಭುಜ ಬಿಗಿದುಕೊಂಡಿತು. ನಾನು ಕನ್ನಡ ಎಂ.ಎ. ಓದಿ ದೇಶಪಾಂಡೆ ನಗರದ ಸಣ್ಣದೊಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದೆ. ಕರೀ ಹಲಗೆಯ ಮೇಲೆ ಬರೆಯಲಾಗದವರಿಗೆ ಅಲ್ಲಿ ಸಂಬಳವಿಲ್ಲ. ದಸರಾ ರಜೆ ಮುಗಿದು ಶಾಲೆ ತೆರೆಯುವ ತನಕ ನಿಮ್ಮ ಜಾಗ ಹಿಡಿದಿಡುತ್ತೇನೆ, ಆಮೇಲೆ ಆಡಳಿತ ಮಂಡಳಿ ಕೇಳುವುದಿಲ್ಲ ಎಂದು ಮುಖ್ಯೋಪಾಧ್ಯಾಯಿನಿ ಹೇಳಿದ್ದರು. ಒಳ್ಳೆಯ ಹೆಂಗಸು. ಮಣ್ಣು ಕೊಟ್ಟ ದಿನ ಬಂದವರು ಅದನ್ನೇ ಇನ್ನೊಮ್ಮೆ ಮೆಲ್ಲಗೆ ಹೇಳಿ ಹೋದರು. ಇನ್ನು ಮನೆಗೆ ಬರುವ ದುಡಿಮೆ ಎಂದರೆ ಅದೊಂದೇ. ಅದು ನನ್ನ ಭುಜದೊಳಗೆ ಸಿಕ್ಕಿಕೊಂಡಿತ್ತು.

ಫಿಜಿಯೋಥೆರಪಿ ಬೇಕು ಎಂದಿದ್ದರು ಡಾಕ್ಟರು, ವಾರಕ್ಕೆ ಐದು ದಿನ, ತಿಂಗಳುಗಟ್ಟಲೆ. ನಮ್ಮ ಶಾಲೆಯ ಹಿಂದಿನ ರಸ್ತೆಯಲ್ಲೇ ಅಂಥ ಕ್ಲಿನಿಕ್ಕುಗಳಿದ್ದವು. ಅವುಗಳ ಗಾಜಿನ ಬಾಗಿಲ ತನಕ ನಾವಿಬ್ಬರೂ ಹೋಗಿ ದರ ಕೇಳಿ ತಿರುಗಿದ್ದೆವು. ದೊಡ್ಡಾಸ್ಪತ್ರೆಯ ಪಾಳಿ ಬರುವಷ್ಟರಲ್ಲಿ ಭುಜ ಕಲ್ಲಾಗುತ್ತಿತ್ತು. ಸರಕಾರಿ ಕಾರ್ಡು ಆಪರೇಶನ್ನಿಗೆ ನಡೆಯುತ್ತದೆ, ಕೈ ಎತ್ತಿ ಇಳಿಸುವುದಕ್ಕೆ ನಡೆಯುವುದಿಲ್ಲ. ಕಲ್ಲೇಶನ ಕೆಲಸ ಗುತ್ತಿಗೆಯದ್ದು, ಇಎಸ್‌ಐ ಇರಲಿಲ್ಲ. ಒಬ್ಬರು ಎಣ್ಣೆ ಹಚ್ಚಿ ತಿಕ್ಕಿದರು. ಆ ವಾರವೆಲ್ಲ ನಾನು ಕೂತೇ ನಿದ್ದೆ ಮಾಡಿದೆ. ಆದರೂ ಕಲ್ಲೇಶ ಪಾಳಿ ಬಿಟ್ಟ ಮೇಲೆ ಸೈಕಲ್ ಹತ್ತಿ ಕೇಳಿಕೊಂಡು ತಿರುಗುತ್ತಿದ್ದ. ಕೊನೆಯ ವಾರ ಒಮ್ಮೆ, ಒಂದು ಕಡೆ ಸಿಕ್ಕಿದೆ, ರವಿವಾರ ಕರೆದುಕೊಂಡು ಹೋಗುತ್ತೇನೆ, ಈಗ ಏನೂ ಕೇಳಬೇಡ ಎಂದ. ಶುಕ್ರವಾರ ಫೌಂಡ್ರಿಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದವನು ಹಾಗೇ ಒರಗಿದನಂತೆ. ಹೃದಯ ಎಂದರು. ಮೂವತ್ನಾಲ್ಕು ವರ್ಷ.

ನೀರಿನ ಪೈಪು ಕಪಾಟಿನ ಹಿಂದೆ ಇರುತ್ತಿತ್ತು. ಎಡಗೈ ಹಾಕಿ ಎಳೆದೆ. ಪೈಪಿನ ಜೊತೆ ಚಾದರದಲ್ಲಿ ಸುತ್ತಿದ ಉದ್ದನೆಯ ಗಂಟೊಂದು ಬಂತು.

ಒಳಗೆ ಎರಡು ಕಟ್ಟಿಗೆಯ ಪಟ್ಟಿಗಳಿದ್ದವು. ನಿಲ್ಲಿಸಿದರೆ ನನ್ನ ಎದೆಯ ಎತ್ತರ. ಎರಡರಲ್ಲೂ ಬುಡದಿಂದ ತುದಿಯ ತನಕ ಒಂದು ಬೆರಳು ಕೂರುವಷ್ಟು ಸಣ್ಣ ಸಣ್ಣ ಮೆಟ್ಟಿಲು ಕೊರೆದಿತ್ತು. ಎರಡಕ್ಕೂ ತುದಿಯ ಹತ್ತಿರ ಒಂದು ಮೆಟ್ಟಿಲಿಗೆ ಕೆಂಪು ಬಣ್ಣ. ಒಂದು ಪಟ್ಟಿ ಹಳೆಯದು, ಎಷ್ಟೋ ಜನರ ಕೈಬೆವರಿಗೆ ಕಪ್ಪಾಗಿ ಮಿರುಗುತ್ತಿತ್ತು; ಬೆನ್ನಿಗೆ ‘ಮಂಟಪ, ಬೆಂಗೇರಿ’ ಎಂದು ಬರೆದಿತ್ತು. ಇನ್ನೊಂದು ಹೊಸ ಸಾಗವಾನಿ. ಅದರ ವಾಸನೆ ನನಗೆ ಗೊತ್ತು. ಕಲ್ಲೇಶನ ಅಂಗಿಗಳಿಗೆ ಅದೇ ವಾಸನೆ.

ಹೊರಗೆ ಬಕೆಟ್ಟು ತುಂಬಿ ಹರಿಯುತ್ತಿತ್ತು. ಅತ್ತೆ ನನ್ನನ್ನು ಎರಡು ಸಲ ಕೂಗಿ, ಮೂರನೆಯದಕ್ಕೆ ತಾವೇ ನಳ ತಿರುಗಿಸಿದರು.

ಕಲ್ಲೇಶ ಗೋಕುಲ ರಸ್ತೆಯ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡುತ್ತಿದ್ದ. ಉಕ್ಕಿನಲ್ಲಿ ಏನನ್ನು ಎರಕ ಹೊಯ್ಯಬೇಕೋ ಅದನ್ನು ಮೊದಲು ಕಟ್ಟಿಗೆಯಲ್ಲಿ ಮಾಡಬೇಕು. ಅದನ್ನು ಉಸುಕಿನಲ್ಲಿ ಒತ್ತಿ ತೆಗೆದಾಗ ಉಳಿಯುವ ಪೊಳ್ಳಿಗೆ ಕರಗಿದ ಉಕ್ಕು ಸುರಿಯುತ್ತಾರೆ. ಉಕ್ಕು ಆರಿದಂತೆ ಕುಗ್ಗುತ್ತದೆ. ಆದ್ದರಿಂದ ಕಟ್ಟಿಗೆಯದ್ದು ಚೂರು ದೊಡ್ಡದಿರಬೇಕು. ಪ್ರತಿಸಲ ಲೆಕ್ಕ ಹಾಕುವ ಬದಲು ಅವರು ಬೇರೆಯದೇ ಒಂದು ಅಳತೆಪಟ್ಟಿ ಇಟ್ಟುಕೊಂಡಿರುತ್ತಾರೆ. ಅದರ ಇಂಚು ಅಂಗಡಿಯ ಇಂಚಿಗಿಂತ ಕೂದಲೆಳೆಯಷ್ಟು ಉದ್ದ. ಮದುವೆಯಾದ ಹೊಸದರಲ್ಲಿ ಅಡಿಗೆಮನೆಯ ಗೂಡಿಗೆ ಒಂದು ಹಲಗೆ ಬೇಕಿತ್ತು. ನಾನು ನನ್ನ ಹೊಲಿಗೆಯ ಟೇಪಿನಿಂದ ಅಳೆದು ಫೋನಿನಲ್ಲಿ ಹೇಳಿದೆ. ಅವನು ಫೌಂಡ್ರಿಯ ಪಟ್ಟಿಯಿಂದ ಗುರುತು ಹಾಕಿ ಕೊಯ್ದು ತಂದ. ಹಲಗೆ ಗೂಡಿನೊಳಗೆ ಹೋಗಲಿಲ್ಲ. ಅತ್ತೆ ಎದುರಿಗೇ ಇದ್ದರು. ಅವನು ಹಲಗೆಯನ್ನು ತಿರುಗಿಸಿ ನೋಡಿ, ನಗದೆ, “ಇರವಾ, ಆರಿದ ಮ್ಯಾಲ ಹಿಡಸತೈತಿ” ಎಂದಿದ್ದ. ಆ ಹಲಗೆ ಈಗ ನೀರಿನ ಕೊಡದ ಕೆಳಗಿದೆ.

ಹಳೆಯ ಪಟ್ಟಿ ಯಾರದೋ ಎರವಲು ಎಂಬುದು ಸ್ಪಷ್ಟವಿತ್ತು. ಅದು ಅವರಿಗೆ ಬೇಕಾಗಿರುತ್ತದೆ. ಮೊದಲು ಅದನ್ನು ಮುಟ್ಟಿಸಬೇಕು ಎಂದು ಮಾತ್ರ ನನಗೆ ಹೊಳೆಯಿತು. ಬೇರೆ ಯಾವ ಯೋಚನೆಯೂ ಆ ದಿನಗಳಲ್ಲಿ ಕೊನೆ ತನಕ ಹೋಗುತ್ತಿರಲಿಲ್ಲ.

ಬೆಂಗೇರಿಯಲ್ಲಿ ಕೇಳಿದಾಗ ಒಂದು ಹಳೆಯ ಮದುವೆ ಮಂಟಪ ತೋರಿಸಿದರು. ಈಗ ಅಲ್ಲಿ ಮದುವೆಗಳಾಗುವುದಿಲ್ಲ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ, ಗೋಡೆಗೆ ಒರಗಿಸಿದ ಊರುಗೋಲುಗಳು. ಒಳಗಿನಿಂದ ಎಣಿಸುವ ಸದ್ದು ಬರುತ್ತಿತ್ತು. ಒಂದು, ಎರಡು, ಮೂರು, ಅದರ ನಡುವೆಯೇ ಏಕ್, ದೋ, ತೀನ್; ಮಗ್ಗಿ ಹೇಳುವ ತರಗತಿಯ ಹಾಗೆ. ನಾನು ಹೊಸ್ತಿಲಲ್ಲಿ ನಿಂತುಬಿಟ್ಟೆ.

ಜಮಖಾನೆಗಳ ಮೇಲೆ ಇಪ್ಪತ್ತು ಮೂವತ್ತು ಜನ ಇದ್ದರು. ಕುತ್ತಿಗೆಗೆ ಪಟ್ಟಿ ಹಾಕಿಕೊಂಡ ಹೆಂಗಸು ಬಸ್ ಕಂಡಕ್ಟರನೊಬ್ಬನ ಮೊಣಕೈ ಮಡಚಿ ಬಿಡಿಸುತ್ತಿದ್ದಳು. ಮೊಣಕಾಲಿಗೆ ರಾಡು ಹಾಕಿಸಿಕೊಂಡ ತರುಣ ಕೂತಲ್ಲಿಂದಲೇ ಮುದುಕಿಯೊಬ್ಬಳ ತೋಳನ್ನು ಮೇಲೆತ್ತುತ್ತಿದ್ದ. ಆ ಮುದುಕಿ ಇನ್ನೊಂದು ಕೈಯಿಂದ ಪಕ್ಕದವಳ ಬೆರಳುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ತನ್ನ ಮೈ ತಾನು ಹಿಡಿದುಕೊಂಡವರು ಅಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರ ಕೈಯಲ್ಲೂ ಇನ್ನೊಬ್ಬರ ಕೈಯೋ ಕಾಲೋ ಇತ್ತು, ಇಡೀ ಮಂಟಪ ನಿಧಾನವಾಗಿ ಏಳುತ್ತ ಇಳಿಯುತ್ತ ಇತ್ತು. ಅಂಥದ್ದನ್ನು ನಾನು ಎಲ್ಲೂ ನೋಡಿರಲಿಲ್ಲ.

ಅದನ್ನು ನಡೆಸುವವರು ತಸ್ಲೀಮಾ. ಆಸ್ಪತ್ರೆಯೊಂದರಲ್ಲಿ ಫಿಜಿಯೋಥೆರಪಿಸ್ಟ್ ಆಗಿ ನಿವೃತ್ತರಾದವರು, ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡಿದ್ದರು. ನನ್ನ ಕಂಕುಳಲ್ಲಿದ್ದ ಪಟ್ಟಿ ನೋಡಿದ ಕೂಡಲೇ ಕಲ್ಲೇಶನ ಮನೆಯವರಾ ಎಂದು ಕೇಳಿ, ರವಿವಾರ ಬರುತ್ತೇವೆ ಅಂದವರು ಎಲ್ಲಿ ಹೋದಿರಿ ಎಂದು ಬೈಯಲು ಶುರುಮಾಡಿದರು. ಹೇಳಿದೆ. ನೀರು ಬಂದವು, ನೀರು ಹೋದವು ಎನ್ನುವ ಹಾಗೆ ಹೇಳಿದೆನೇನೋ. ಅವರು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತರು.

ನಾನು ಪಟ್ಟಿಯನ್ನು ಮುಂದೆ ಹಿಡಿದೆ. ಅವರು ತೆಗೆದುಕೊಳ್ಳಲಿಲ್ಲ.

“ಎಡಗೈಲೆ ಕೊಟ್ರ ತಗೊಳ್ಳೂದಿಲ್ಲರಿ,” ಅಂದರು. “ಇಲ್ಲಿಂದ ಮನಿಗೆ ಒಯ್ದ ಸಾಮಾನ ಯಾವ ಕೈ ಸಲುವಾಗಿ ಒಯ್ದಿರತಾರೋ, ಅದ ಕೈಲೆ ತಂದು ಮೊಳಿಗೆ ಹಾಕಬೇಕು. ಇಲ್ಲೀ ಪದ್ಧತಿ ಅದು. ನಿಮ್ಮನಿಯವರಿಗೆ ಹೇಳಿದ್ದೆ. ಆಕೀನ ತಂದು ಹಾಕತಾಳ್ರೀ ಅಂತ ಮಾತು ಕೊಟ್ಟು ಒಯ್ದಾರ.”

ಮೊಳೆ ಬಾಗಿಲ ಪಕ್ಕದಲ್ಲಿತ್ತು, ನನ್ನ ತಲೆಗಿಂತ ಬಹಳ ಮೇಲೆ. ಅದರ ಸಾಲಿನಲ್ಲಿ ಬೇರೆ ಮೊಳೆಗಳು, ಅವಕ್ಕೆ ತೂಗುವ ಹಗ್ಗ, ಉಸುಕಿನ ಚೀಲ, ಇನ್ನೂ ಎರಡು ಅಂಥವೇ ಪಟ್ಟಿಗಳು. ಬೆರಳ ನಿಚ್ಚಣಿಕಿ ಎಂದು ಅವರು ಅದಕ್ಕೆ ಹೇಳುತ್ತಿದ್ದರು. ಗೋಡೆಗೆ ಬಡಿದು, ಬೆರಳುಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಬೆರಳಿನ ಹಿಂದೆ ಕೈ, ಕೈಯ ಹಿಂದೆ ಭುಜ. ಕೆಂಪು ಮುಟ್ಟಿದವರಿಗೆ ಕರೀ ಹಲಗೆಯೂ ಎಟಕುತ್ತದೆ, ಆ ಮೊಳೆಯೂ ಎಟಕುತ್ತದೆ ಎಂದರು. ದಸರಾ ರಜೆ ಮುಗಿಯುವಷ್ಟರಲ್ಲಿ ಆಗುತ್ತದೆಯೇ ಎಂದು ಕೇಳಿದೆ. ನನ್ನ ತೋಳನ್ನು ಎತ್ತಿ ನೋಡಿ, ಕಣ್ಣು ಮುಚ್ಚಿಕೊಂಡು ಏನೋ ಕೇಳಿಸಿಕೊಳ್ಳುವವರ ಹಾಗೆ ನಿಂತು, ದಿನಾಲು ಹತ್ತಿದರೆ ಆದೀತು ಎಂದರು.

ಫೀ ಎಷ್ಟು ಎಂದು ಕೇಳಿದೆ. ಅವರು ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಹಿರಿಯರೊಬ್ಬರನ್ನು ತೋರಿಸಿದರು. ನೀಲಕಂಠಪ್ಪ, ಹತ್ತಿ ವ್ಯಾಪಾರ ಮಾಡಿದವರು, ಲಕ್ವ ಹೊಡೆದು ಬಲಗಾಲು ಸತ್ತಿತ್ತು. ಅವರ ಪಾದ ಹಿಡಿದು ಹಿಂದೆ ಮುಂದೆ ಬಾಗಿಸುವುದು ಫೀಯಾಗಿ ನನ್ನ ಪಾಲಿಗೆ ಬಂತು. ಎಡಗೈ ಸಾಕು ಅದಕ್ಕೆ.

“ಹಿಡೀರಿ ಅಕ್ಕಾರ, ನಾಚಬ್ಯಾಡ್ರಿ,” ಎಂದರು ನೀಲಕಂಠಪ್ಪ. “ಮಂದಿ ಕಾಲ ಹಿಡದ ಯಾಪಾರ ಮಾಡಿದಾಂವ ನಾ. ಈಗ ನನ್ನ ಪಾಳಿ ಬಂದೈತಿ.”

ಪಕ್ಕದವರು ನಕ್ಕರು. ನಾನು ಪಾದ ಹಿಡಿದೆ. ಒಂದು ಕಾಲು ಅಷ್ಟು ಭಾರವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬೆಚ್ಚಗಿತ್ತು. ಹಿಮ್ಮಡಿಯ ಬಿರುಕು, ಅಂಗಾಲಿನ ನರದ ಮಿಡಿತ. ಕಲ್ಲೇಶನನ್ನು ಕೂರಿಸಿ ಮಣ್ಣು ಕೊಡುವ ಮೊದಲು ಅವನ ಕಾಲು ಮುಟ್ಟಿದ್ದೆ. ಅದಾದ ಮೇಲೆ ನನ್ನ ಕೈ ಯಾರನ್ನೂ ಮುಟ್ಟಿರಲಿಲ್ಲ. ಎಣಿಸ್ರಿ ಎಂದು ತಸ್ಲೀಮಾ ದೂರದಿಂದ ಕೂಗಿದರು. ನಾನು ಎಣಿಸತೊಡಗಿದೆ. ನನ್ನ ದನಿ ಉಳಿದ ದನಿಗಳ ಜೊತೆ ಹೋಗಿ ಸೇರಿತು.

ಹೊಸ ನಿಚ್ಚಣಿಕೆಯನ್ನು ತಸ್ಲೀಮಾ ಹೇಳಿದ ಎತ್ತರಕ್ಕೆ ನಮ್ಮ ಮನೆಯ ಗೋಡೆಗೆ ಬಡಿದುಕೊಟ್ಟವರು ಮಕಬೂಲಸಾಬ, ಫೌಂಡ್ರಿಯಲ್ಲಿ ಕಲ್ಲೇಶನ ಜೊತೆಗಾರರು. ಅವನ ಸಾಮಾನಿನ ಚೀಲ ಕೊಡಲು ಬಂದಿದ್ದರು. ಹೊರಗಿನ ಸಾಮಾನನ್ನು ಗೇಟಿನಲ್ಲಿ ಬಿಡುವುದಿಲ್ಲವಾದ್ದರಿಂದ ಕಲ್ಲೇಶ ಹಳೆಯದನ್ನು ಮನೆಯಲ್ಲೇ ಅಳೆದು, ಅಳತೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದು, ಊಟದ ಹೊತ್ತಿನಲ್ಲಿ ಕೊರೆಯುತ್ತಿದ್ದನಂತೆ. ಎರವಲು ತಂದದ್ದು ಲಗೂ ಮುಟ್ಟಿಸಬೇಕು, ಹೆಂಡತಿ ಆರತಿಗೆ ನಮ್ಮದೇ ಒಂದು ಇರಲಿ ಎನ್ನುತ್ತಿದ್ದನಂತೆ.

“ನಾವೆಲ್ಲ ಚಾಷ್ಟಿ ಮಾಡಿದ್ವಿರಿ, ಯಾವ ಪಾರ್ಟಿಗೋ ಇದು ಆರ್ಡರ ಅಂತ,” ಎಂದರು ಮಕಬೂಲಸಾಬ. “ನಮ್ಮನಿ ಪಾರ್ಟಿ, ಭಾಳ ಕಟ್ಟುನಿಟ್ಟ, ಮಾಲ ವಾಪಸ ಕಳಸತಾಳ ಅಂದ.”

ಅವರು ಹೋದ ಮೇಲೆ ನಾನು ಗೋಡೆಯ ಮುಂದೆ ನಿಂತೆ. ಬೆರಳಿಟ್ಟೆ. ಹಳೆಯದರ ಮೆಟ್ಟಿಲುಗಳಿಗೆ ಚೂಪು ಅಂಚಿತ್ತು, ಅಲ್ಲಲ್ಲಿ ಸಿಬಿರು. ಇದರಲ್ಲಿ ಪ್ರತಿ ಮೆಟ್ಟಿಲಿನ ಮೂಲೆಯೂ ಉರುಟಾಗಿತ್ತು. ಉಸುಕು ಹಿಡಿಯಬಾರದೆಂದು ಪ್ಯಾಟರ್ನಿಗೆ ಹಾಗೆ ಮಾಡುತ್ತಾರೆ. ಒಂದೊಂದಕ್ಕೂ ಅವನ ಹೆಬ್ಬೆರಳು ತಾಗಿತ್ತು. ನನ್ನ ಬೆರಳು ಅದರಲ್ಲಿ ಕೂತಿತು, ಮೇಲಿನದಕ್ಕೆ ಹೋಯಿತು, ಅಲ್ಲಿಂದ ಮೇಲಿನದಕ್ಕೆ. ಎದೆಯ ಮಟ್ಟದಲ್ಲಿ ಭುಜ ಕೂಗಿಕೊಂಡಿತು. ಆ ದಿನ ಅಷ್ಟೇ.

ಮಳೆಗಾಲ ಮುಗಿಯುತ್ತ ಬಂತು. ಬೆಳಿಗ್ಗೆ ಮಂಟಪ, ಸಂಜೆ ಗೋಡೆ. ಮಂಟಪದಲ್ಲಿ ತಸ್ಲೀಮಾ ನನ್ನ ಭುಜ ಸಡಿಲಿಸುತ್ತಿದ್ದರು, ನಾನು ನೀಲಕಂಠಪ್ಪನವರ ಪಾದ ಬಾಗಿಸುತ್ತಿದ್ದೆ. ಮನೆಯಲ್ಲಿ ನಿಚ್ಚಣಿಕೆ ಇದ್ದವರು ಅಲ್ಲಿಯ ಗೋಡೆಯ ನಿಚ್ಚಣಿಕೆ ಹಿಡಿಯುವಂತಿರಲಿಲ್ಲ. ಇಲ್ಲದವರ ಪಾಳಿಯೇ ಉದ್ದವಿತ್ತು. ಒಂದು ದಿನ ಎಣಿಸುತ್ತ ಎಣಿಸುತ್ತ ನನ್ನ ಅಂಗೈಯಲ್ಲಿ ಏನೋ ಹರಿದಂತಾಯಿತು. ನೋಡಿದೆ. ನೀಲಕಂಠಪ್ಪನವರ ಹೆಬ್ಬೆರಳು ಅಲುಗುತ್ತಿತ್ತು. ಅವರೂ ನೋಡಿದರು. ನಾವಿಬ್ಬರೂ ಆ ಬೆರಳನ್ನು, ಮೊಳಕೆಯೊಂದನ್ನು ನೋಡುವ ಹಾಗೆ, ಅದು ನಿಲ್ಲುವ ತನಕ ನೋಡಿದೆವು.

ಅತ್ತೆ ದಿನಾ ನನ್ನ ತಲೆ ಬಾಚುತ್ತಿದ್ದರು. ನಾಡಹಬ್ಬಕ್ಕೆ ಮೊದಲು ಒಂದು ಬೆಳಿಗ್ಗೆ ಬಾಚಣಿಗೆಯನ್ನು ನನ್ನ ಬಲಗೈಯಲ್ಲಿಟ್ಟರು.

“ನಿನ್ನ ತಲಿ ನೀ ಬಾಚ್ಕೋ. ಊರಾಗ ನಮ್ಮ ಎಮ್ಮಿ ಈಯಾಕ ಬಂದೈತಿ, ನಾ ಇಲ್ಲೇ ಕುಂತ್ರ ಅದರ ಬಾಣಂತನ ಯಾರ ಮಾಡಬೇಕು?”

ಬಾಚಿಕೊಂಡೆ. ಬೈತಲೆ ಸೊಟ್ಟವಾಗಿತ್ತು. ಅವರು ಸರಿಮಾಡಲಿಲ್ಲ. ಊರಿಗೂ ಹೋಗಲಿಲ್ಲ.

ಆದರೆ ಕೆಂಪು ಮೆಟ್ಟಿಲು ಸಿಗಲಿಲ್ಲ. ಅದರ ಕೆಳಗಿನದರ ತನಕ ಬಂದು ಬೆರಳು ನಿಂತುಬಿಡುತ್ತಿತ್ತು. ಹಬ್ಬ ಮುಗಿಯಿತು, ಬನ್ನಿ ಕೊಟ್ಟದ್ದೂ ಆಯಿತು; ಮನೆಗೆ ಬಂದವರು ನನ್ನ ಮುಖ ನೋಡದೆ ಬನ್ನಿ ಇಟ್ಟು ಹೋದರು. ಬೆರಳು ಅಲ್ಲೇ ಇತ್ತು. ತಸ್ಲೀಮಾ ನನ್ನ ತೋಳು ಎತ್ತಿ ನೋಡಿ, ನನ್ನ ಅಂದಾಜಿಗೆ ಈ ಕೈ ಕೆಂಪು ಮುಟ್ಟಬೇಕಲ್ಲ, ನೀವು ಅಂಜುತ್ತೀರಿ ಎಂದರು. ಅಂಜಿಕೆ ಇರಲಿಲ್ಲ. ಆ ಮನೆಯಲ್ಲಿ ಅಂಜುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಕೈ ಎಷ್ಟು ಹೋಗುತ್ತದೋ ಅಷ್ಟೇ ಎಂದುಕೊಂಡೆ.

ಸೋಮವಾರ ಶಾಲೆ ತೆರೆಯುವುದಿತ್ತು. ರವಿವಾರ ಬೆಳಿಗ್ಗೆ ನಿರ್ಧಾರ ಮಾಡಿದೆ. ಮಂಟಪಕ್ಕೆ ಹೋಗಿ, ನನ್ನಿಂದ ಆಗಲಿಲ್ಲ, ಬೇರೆ ಯಾರಾದರೂ ಇದನ್ನು ಮೊಳೆಗೆ ಹಾಕಿಕೊಳ್ಳಿ ಎಂದು ಹೇಳುವುದು. ಅಲ್ಲಿಂದ ಮುಖ್ಯೋಪಾಧ್ಯಾಯಿನಿಯ ಮನೆಗೆ ಹೋಗಿ ಅದನ್ನೇ ಹೇಳುವುದು. ಕಲ್ಲೇಶ ಕೊಟ್ಟ ಮಾತು ಉಳಿಸಲಾಗಲಿಲ್ಲ ಎಂಬುದನ್ನು ಯಾರಿಗೂ ಹೇಳಬೇಕಾಗಿರಲಿಲ್ಲ.

ಮಂಟಪದಿಂದ ವಾಪಸು ತಂದ ಹಳೆಯ ನಿಚ್ಚಣಿಕೆ ಅಂದಿನಿಂದ ಚಾದರದಲ್ಲೇ ಇತ್ತು. ಬಿಚ್ಚಿ, ಒರೆಸಲೆಂದು ಗೋಡೆಗೆ ಒರಗಿಸಿದೆ, ಹೊಸದರ ಪಕ್ಕದಲ್ಲಿ. ಹಳೆಯದು ನೆಲಕ್ಕಿತ್ತು, ಹೊಸದು ಸೊಂಟದ ಎತ್ತರದಿಂದ ಮೇಲೆ. ಇಷ್ಟು ದಿನ ಎರಡೂ ಒಟ್ಟಿಗೆ ನಿಂತದ್ದನ್ನು ನೋಡಿರಲಿಲ್ಲ. ಅದೇಕೋ ಎತ್ತಿ ಬುಡಕ್ಕೆ ಬುಡ ಸರಿಮಾಡಿ ಹಿಡಿದೆ.

ಕೆಳಗಿನ ಮೆಟ್ಟಿಲುಗಳು ಕೂಡಿದವು. ಮೇಲಕ್ಕೆ ಹೋದಂತೆ ಹೊಸದು ಕೂದಲಿನಷ್ಟು ಮುಂದೆ, ಇನ್ನೂ ಮೇಲೆ ಕಾಳಿನಷ್ಟು, ತುದಿಯಲ್ಲಿ ಬೆರಳಿನ ದಪ್ಪದಷ್ಟು. ಹಳೆಯದರ ಕೆಂಪು, ಹೊಸದರ ಕೆಂಪಿಗೆ ನೇರವಾಗಿರಲಿಲ್ಲ. ಅದರ ಕೆಳಗಿನ ಮೆಟ್ಟಿಲಿಗೆ ಇತ್ತು. ದಿನಾಲು ನನ್ನ ಬೆರಳು ಬಂದು ನಿಲ್ಲುವ ಮೆಟ್ಟಿಲಿಗೆ.

ಕೊನೆಯ ವಾರ ಎರಡು ಸಂಜೆ ಕಲ್ಲೇಶ ನನ್ನ ಹೊಲಿಗೆಯ ಟೇಪು ಕೇಳಿದ್ದ. ಯಾಕೆ ಎಂದು ನಾನು ಕೇಳಿರಲಿಲ್ಲ. ಮನೆಯಲ್ಲಿ ನನ್ನ ಟೇಪಿನಿಂದ ಅಳೆದಿದ್ದ. ಫೌಂಡ್ರಿಯಲ್ಲಿ ಅವನ ಕೈಗೆ ಅಲ್ಲಿಯ ಉದ್ದ ಇಂಚಿನ ಪಟ್ಟಿಯೇ ಬಂದಿತ್ತು. ಉಕ್ಕಿಗೆ ಬಿಡುವಷ್ಟು ಅವಕಾಶವನ್ನು ಒಂದು ಕೈಗೆ ಬಿಟ್ಟಿದ್ದ.

ಅತ್ತೆ ಅಡಿಗೆಮನೆಯಿಂದ ಬಂದು ನಿಂತರು. ಅವರು ಒಂದು ಕೆಂಪನ್ನು ನೋಡಿದರು, ಇನ್ನೊಂದು ಕೆಂಪನ್ನು ನೋಡಿದರು. ಹಿಂದೆ ತಿರುಗಿ ಕೊಡದ ಕೆಳಗಿನ ಹಲಗೆಯನ್ನು ನೋಡಿದರು.

“ಆರಿದ ಮ್ಯಾಲ ಹಿಡಸತೈತಿ,” ಅಂದರು.

ನಗುತ್ತಲೇ ಅಂದರು, ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡು ನೆಲಕ್ಕೆ ಕೂತರು. ಅವನು ಹೋದ ಮೇಲೆ ನನಗೆ ಅಳು ಬಂದಿರಲಿಲ್ಲ. ಆಗಲೂ ಬಂತೆಂದು ಹೇಳಲಾರೆ. ನಾನು ಆ ಗೋಡೆಯ ಮುಂದೆ ನಿಂತು ನನ್ನ ಕೈಯನ್ನು ನೋಡುತ್ತಿದ್ದೆ. ಇರಬೇಕಾದ್ದಕ್ಕಿಂತ ಎತ್ತರದ ಒಂದನ್ನು ಅದು ಇಷ್ಟು ದಿನ ಹತ್ತಿತ್ತು, ನನಗೆ ಹೇಳದೆ.

ಮಂಟಪಕ್ಕೆ ಹೋದಾಗ ಎಣಿಕೆ ನಡೆದಿತ್ತು. ನೀಲಕಂಠಪ್ಪ ಗೋಡೆ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಅವರನ್ನು ಆನಿಸಿಕೊಂಡು ಆ ಕುತ್ತಿಗೆ ಪಟ್ಟಿಯ ಹೆಂಗಸು. ತಸ್ಲೀಮಾ ಯಾರದೋ ಮೊಣಕಾಲಿನ ಮೇಲೆ ಬಾಗಿದ್ದರು. ನನ್ನನ್ನು ನೋಡಿ ತಲೆ ಎತ್ತಿದರು.

ನಾನು ನಿಚ್ಚಣಿಕೆಯನ್ನು ಎಡಗೈಯಿಂದ ಬಲಗೈಗೆ ದಾಟಿಸಿಕೊಂಡೆ. ಅದರ ತುದಿಗೆ ಹಗ್ಗದ ಕುಣಿಕೆಯಿತ್ತು. ಮೊಳೆಯ ಕೆಳಗೆ ನಿಂತು ಎತ್ತಿದೆ. ಎದೆಯ ಮಟ್ಟ, ಗದ್ದ, ಕಣ್ಣು. ತಲೆಯನ್ನು ದಾಟುವಾಗ ಭುಜದೊಳಗೆ ಹಳೆಯ ಬಾಗಿಲೊಂದು ಕಿರುಗುಟ್ಟಿತು, ತೆರೆಯಿತು. ಸುತ್ತಲಿನ ಎಣಿಕೆ ಒಂದೊಂದಾಗಿ ನಿಂತಿತು.

“ಕಾಲ ಎತ್ತಬ್ಯಾಡ್ರಿ ಅಕ್ಕಾರ, ಕೈ ಎತ್ರಿ,” ಎಂದರು ಹಿಂದಿನಿಂದ ನೀಲಕಂಠಪ್ಪ.

ತುದಿಗಾಲಲ್ಲಿ ನಿಂತಿದ್ದೆ, ಹಿಮ್ಮಡಿ ಇಳಿಸಿದೆ. ಕೈ ಇಳಿಯಲಿಲ್ಲ. ಕುಣಿಕೆ ಮೊಳೆಯ ತಲೆಗೆ ತಾಗಿ ಜಾರಿತು, ಮತ್ತೆ ತಾಗಿತು, ಒಳಗೆ ಹೋಯಿತು. ಕಟ್ಟಿಗೆ ಗೋಡೆಗೆ ತಗುಲಿ ಮೆಲ್ಲಗೆ ಒಂದು ಸದ್ದು ಮಾಡಿತು. ನಾನು ಬೆರಳು ಬಿಟ್ಟೆ.